ಒಂಟಿ ಇಲಿಗಳ ಸರದಿ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಕನ್ನಡಿ ನೋಡಿಕೊಳ್ಳುತ್ತಾರೆ, ಕೆಲವರು ತೂಕ ನೋಡಿಕೊಳ್ಳುತ್ತಾರೆ. ಒಂಟಿ ಮೇಡಂ ಸಂಖ್ಯೆ ನೋಡಿಕೊಳ್ಳುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಫೋನಿನಲ್ಲಿ ತಮ್ಮ ಹೆಸರಿನ ಪುಟ ತೆರೆದರೆ, ಮೇಲ್ಗಡೆ ಬಲಮೂಲೆಯಲ್ಲಿ ಒಂದು ಅಂಕಿ ಇರುತ್ತಿತ್ತು. ನಿನ್ನೆ ಸಾವಿರದ ಒಂಬೈನೂರ ಎಂಟು, ಇವತ್ತು ಸಾವಿರದ ಒಂಬೈನೂರ ಹನ್ನೆರಡು. ಏರಿದ್ದರೆ ಆ ದಿನದ ಕಾಫಿಗೆ ಸಕ್ಕರೆ ಕಡಿಮೆ ಸಾಕು. ಏರದಿದ್ದರೆ ಹಾಲು ಉಕ್ಕಿ ಒಲೆ ತೊಳೆಯುವ ಕೆಲಸವಾಗುತ್ತಿತ್ತು. ಯಾಕೆಂದರೆ ಮೇಡಂ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತ ನಿಂತುಬಿಡುತ್ತಿದ್ದರು.

ಒಬ್ಬ ವಿಜ್ಞಾನಿ ಬರೆದದ್ದನ್ನು ಇನ್ನೊಬ್ಬ ವಿಜ್ಞಾನಿ ತನ್ನ ಲೇಖನದಲ್ಲಿ ‘ಇಂಥವರು ಹೀಗೆ ಕಂಡುಹಿಡಿದಿದ್ದಾರೆ’ ಎಂದು ನೆನೆದರೆ ಅದೊಂದು ಸೈಟೇಶನ್. ಮೇಡಂ ಇದನ್ನು ತಮ್ಮ ಅಕ್ಕನಿಗೆ ವಿವರಿಸಿ ಸೋತಿದ್ದರು. ‘ಅಷ್ಟೊಂದು ಸೈಟು ಇಟ್ಕೊಂಡು ಒಂದರಲ್ಲೂ ಮನೆ ಕಟ್ಟಿಲ್ವಲ್ಲೇ’ ಎಂದು ಅಕ್ಕ ಪ್ರತಿ ಸಲವೂ ಕೇಳುತ್ತಿದ್ದಳು, ಗೊತ್ತಿದ್ದೂ ಕೇಳುತ್ತಿದ್ದಳು.

ಹೆಸರಿನ ಹಿಂದಿನ ‘ಒಂಟಿ’ಗೂ ಅವರ ಬಾಳಿಗೂ ಎಣ್ಣೆ ನೀರಿನ ಸಂಬಂಧ. ಮನೆಯ ಕೆಳಗೆ ಗಂಡನ ಹಲ್ಲಿನ ಕ್ಲಿನಿಕ್, ಮೇಲೆ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಮದುವೆಯಾಗದ ಮೈದುನ, ಮೈದುನನ ತಬಲಾ. ಬಚ್ಚಲಮನೆಯಲ್ಲಿ ಐದು ನಿಮಿಷ ಹೆಚ್ಚು ಕಂಡರೆ ಯಾರಾದರೊಬ್ಬರು ಬಾಗಿಲು ತಟ್ಟಿ ‘ಸೋಪು ಎಲ್ಲಿದೆ’ ಎನ್ನುತ್ತಿದ್ದರು, ಸೋಪು ಒಳಗೇ ಇರುತ್ತಿತ್ತು. ಹೀಗೆ ಐವತ್ತೊಂಬತ್ತು ವರ್ಷದಲ್ಲಿ ಒಂದು ಮಧ್ಯಾಹ್ನವೂ ಒಬ್ಬರೇ ಇದ್ದರಿಯದ ಹೆಂಗಸಿಗೆ ಆ ಹೆಸರು ತಂದದ್ದು ಒಂದು ಲೇಖನ. ಸಂಸ್ಥೆಯಲ್ಲಿ ಎಲ್ಲರೂ ಅದನ್ನು ‘ಒಂಟಿ ಇಲಿ ಪೇಪರು’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಇಲಿ ಉದುರಿ ಹೋಯಿತು, ಒಂಟಿ ಉಳಿಯಿತು.

ಹಾರ್ಮೋನುಗಳ ಹಿಂದೆ ಅವರು ಬಿದ್ದದ್ದು ಅಮ್ಮನ ಕುತ್ತಿಗೆಯಿಂದ. ಮೇಡಂಗೆ ಒಂಬತ್ತು ವರ್ಷವಾಗಿದ್ದಾಗ ಅವರ ಅಮ್ಮ ಮಧ್ಯಾಹ್ನವೂ ಮಲಗಿರುತ್ತಿದ್ದರು, ಕರೆದರೆ ದೂರದಿಂದೆಂಬಂತೆ ತಿರುಗಿ ನೋಡುತ್ತಿದ್ದರು, ತಲೆ ಬಾಚಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಬಾಚಣಿಗೆ ಹಿಡಿದೇ ಕೂತಿರುತ್ತಿದ್ದರು. ಬಂಧುಗಳು ಸೋಮಾರಿತನ ಎಂದರು. ಒಬ್ಬ ವೈದ್ಯೆ ಕುತ್ತಿಗೆ ಮುಟ್ಟಿ ನೋಡಿ, ಥೈರಾಯ್ಡ್ ಎಂದು, ಸಾಸಿವೆಗಿಂತ ತುಸು ದೊಡ್ಡ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಅಮ್ಮ ವಾಪಸು ಬಂದರು. ಬಂದವರೇ ಸೋಮಾರಿತನ ಎಂದಿದ್ದವರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸಿಕೊಂಡು ಬಂದರಂತೆ. ಒಂದು ಚಿಟಿಕೆ ಪುಡಿಯಲ್ಲಿ ಒಬ್ಬ ಹೆಂಗಸಿನ ಸ್ವಭಾವವೇ ಅಡಗಿರಬಹುದು ಎಂಬ ಬೆರಗು ಆ ಹುಡುಗಿಯನ್ನು ಹಿಡಿದದ್ದು ಬಿಡಲಿಲ್ಲ.

ಹೀಗೆ ಓದಿ, ಬರೆದು, ಇಪ್ಪತ್ತೇಳನೆಯ ವಯಸ್ಸಿಗೆ ಒಬ್ಬ ದೊಡ್ಡ ವಿಜ್ಞಾನಿಯ ಪ್ರಯೋಗಶಾಲೆಗೆ ಸೇರಿದರು. ಅವರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಗುರುಗಳದ್ದು ಕಡಿಮೆ ಮಾತು, ಹೆಚ್ಚು ನಿಯಮ. ಎಲ್ಲದಕ್ಕಿಂತ ದೊಡ್ಡ ನಿಯಮ, ‘ಮೊದಲು ಕಂಟ್ರೋಲ್’. ಯಾವುದೇ ಪ್ರಯೋಗದಲ್ಲಿ ಎರಡು ಗುಂಪು ಇಲಿಗಳಿರುತ್ತವೆ. ಒಂದಕ್ಕೆ ನಾವು ಏನೋ ಮಾಡಿರುತ್ತೇವೆ, ಇನ್ನೊಂದಕ್ಕೆ ಏನೂ ಮಾಡಿರುವುದಿಲ್ಲ. ಏನೂ ಮಾಡದ ಗುಂಪು ಹೋಲಿಕೆಗೆ, ಅದೇ ಕಂಟ್ರೋಲ್. ಗುರುಗಳ ಕೆಲಸವೆಲ್ಲ ಇಲಿಗಳಿಗೆ ಹಾರ್ಮೋನು ಚುಚ್ಚುವುದು. ಚುಚ್ಚಿದ ಇಲಿಯನ್ನು ಮುಟ್ಟಿದ ಕೈಗವಸು ಚುಚ್ಚದ ಇಲಿಯನ್ನು ಮುಟ್ಟಿದರೆ ಒಂದು ಕಣ ಆಚೆಯಿಂದ ಈಚೆಗೆ ಬಂದು ಲೆಕ್ಕವೆಲ್ಲ ಕೆಟ್ಟೀತು. ಆದ್ದರಿಂದ ರಕ್ತ ತೆಗೆಯುವಾಗ ಮೊದಲು ಕಂಟ್ರೋಲ್, ಆಮೇಲೆ ಉಳಿದವು. ನಿಯಮ ಸರಿಯಾಗಿಯೇ ಇತ್ತು. ಗುರುಗಳು ಹೋಟೆಲಿನಲ್ಲಿ ಊಟಕ್ಕೆ ಕೂತರೂ ಮೊದಲು ಬರೀ ನೀರು ಕುಡಿಯುತ್ತಿದ್ದರೆಂದು ಶಿಷ್ಯರು ನಗುತ್ತಿದ್ದರು.

ಮೇಡಂ ಮಾಡಿದ ಪ್ರಯೋಗ ಸರಳವಾಗಿತ್ತು, ಅದರ ಚೆಲುವೇ ಅದು. ಇಪ್ಪತ್ತನಾಲ್ಕು ಇಲಿ. ಹನ್ನೆರಡನ್ನು ನಾಲ್ಕು ನಾಲ್ಕಾಗಿ ಮೂರು ಪಂಜರದಲ್ಲಿ ಇಟ್ಟರು, ಅವೇ ಕಂಟ್ರೋಲ್. ಉಳಿದ ಹನ್ನೆರಡನ್ನು ಒಂದೊಂದಾಗಿ ಹತ್ತು ದಿನ ಒಂಟಿಯಾಗಿ ಇಟ್ಟರು. ಹನ್ನೊಂದನೆಯ ಬೆಳಿಗ್ಗೆ ಬಾಲದ ತುದಿಯಿಂದ ಎರಡು ಹನಿ ರಕ್ತ ತೆಗೆದು, ಅದರಲ್ಲಿ ಆತಂಕದ ಹಾರ್ಮೋನು ಎಷ್ಟಿದೆ ಎಂದು ಅಳೆದರು. ರಕ್ತ ತೆಗೆದದ್ದು ಪ್ರಾಣಿಮನೆಯ ಸಹಾಯಕ, ಎಲ್ಲರ ಬಾಯಲ್ಲಿ ಪಂಜರದಣ್ಣ. ಒಂದು ಇಲಿಗೆ ಎರಡು ನಿಮಿಷ, ಒಂದು ಚುಚ್ಚು, ಒಂದು ಹತ್ತಿ. ಅವನ ಕೈ ಸೋಕಿದ್ದು ಇಲಿಗೆ ಗೊತ್ತಾಗುವುದರೊಳಗೆ ಇಲಿ ವಾಪಸು ಪಂಜರದಲ್ಲಿ ಇರುತ್ತಿತ್ತು. ಒಂಟಿ ಇಲಿಗಳಲ್ಲಿ ಹಾರ್ಮೋನು ಮೂರು ಪಟ್ಟು.

ಒಂಟಿತನ ರಕ್ತದಲ್ಲಿ ಕಾಣುತ್ತದೆ! ಲೇಖನ ಪ್ರಕಟವಾದ ವರ್ಷ ಹದಿನಾಲ್ಕು ಉಲ್ಲೇಖ, ಮರುವರ್ಷ ಅರವತ್ತು. ಆಮೇಲೆ ಮನಃಶಾಸ್ತ್ರದವರು ಹಿಡಿದರು, ವೃದ್ಧಾಶ್ರಮದ ಯೋಜನೆ ಬರೆಯುವವರು ಹಿಡಿದರು, ಮೀನು ಸಾಕುವವರು ಹಿಡಿದರು, ಒಬ್ಬ ಲಿಫ್ಟ್ ಎಂಜಿನಿಯರು ಕೂಡ ಯಾವುದಕ್ಕೋ ಹಿಡಿದ. ಮೇಡಂಗೆ ಸ್ವಂತ ಪ್ರಯೋಗಶಾಲೆ ಬಂತು, ಬಡ್ತಿ ಬಂತು, ಕಿಟಕಿ ಇರುವ ಕೋಣೆ ಬಂತು. ನಡುವೆ ಅವರು ಬರೆದ ಅರವತ್ತಮೂರು ಲೇಖನಗಳನ್ನು ಅವರೂ ಅವರ ಶಿಷ್ಯರೂ ಬಿಟ್ಟರೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕಪ್ಪೆಯ ಥೈರಾಯ್ಡಿನ ಮೇಲೆ ಆರು ವರ್ಷ ದುಡಿದು ಬರೆದದ್ದಕ್ಕೆ ಹನ್ನೊಂದು ಉಲ್ಲೇಖ, ಅದರಲ್ಲಿ ಏಳು ಅವರವೇ. ಎಲ್ಲವೂ ನಿಂತದ್ದು ಆ ಇಪ್ಪತ್ತನಾಲ್ಕು ಇಲಿಗಳ ಮೇಲೆ.

ನಿವೃತ್ತಿಗೆ ಎರಡು ತಿಂಗಳಿರುವಾಗ, ಒಂದು ಸೋಮವಾರ, ಒಂದು ಮಿಂಚಂಚೆ ಬಂತು.

ಬರೆದವಳು ಬೇರೊಂದು ದೇಶದ ಸಂಶೋಧನಾ ವಿದ್ಯಾರ್ಥಿನಿ. ವಿನಯದಿಂದ ಬರೆದಿದ್ದಳು. ಇಪ್ಪತ್ತು ತಿಂಗಳಲ್ಲಿ ನಿಮ್ಮ ಪ್ರಯೋಗವನ್ನು ನಾಲ್ಕು ಸಲ ಮಾಡಿದ್ದೇನೆ, ಒಂಟಿ ಇಲಿಗೂ ಗುಂಪಿನ ಇಲಿಗೂ ವ್ಯತ್ಯಾಸ ಬರುತ್ತಿಲ್ಲ. ನನ್ನ ಕೈ ಒರಟು ಎಂದು ನನ್ನ ಗೈಡ್ ಹೇಳುತ್ತಾರೆ, ಇರಬಹುದು. ಇನ್ನು ಇಪ್ಪತ್ತನಾಲ್ಕು ದಿನಕ್ಕೆ ಸಮಿತಿ ಸೇರಿ, ನಾನು ಮುಂದುವರಿಯಬೇಕೋ ಬೇಡವೋ ತೀರ್ಮಾನಿಸುತ್ತದೆ. ಎಲ್ಲಿ ತಪ್ಪುತ್ತಿದ್ದೇನೆಂದು ತಿಳಿದರೆ ಉಪಕಾರ. ಒಂದೇ ಪ್ರಶ್ನೆ, ರಕ್ತವನ್ನು ಯಾವ ಕ್ರಮದಲ್ಲಿ ತೆಗೆದಿರಿ? ನಮ್ಮಲ್ಲಿ ಚೀಟಿ ಎತ್ತಿ ತೆಗೆಯುತ್ತೇವೆ.

ಮೇಡಂ ಮೊದಲು ನಕ್ಕರು. ಚೀಟಿ ಎತ್ತುತ್ತಾರಂತೆ, ಕೈ ಒರಟೇ ಇರಬೇಕು. ಉತ್ತರ ಟೈಪ್ ಮಾಡತೊಡಗಿದರು, ‘ಪದ್ಧತಿಯ ಪ್ರಕಾರ ಮೊದಲು ಕಂಟ್ರೋಲ್’. ಅಲ್ಲಿಗೆ ಬೆರಳು ನಿಂತಿತು.

ಅವರ ಇಲಿಗಳಿಗೆ ಯಾರೂ ಏನೂ ಚುಚ್ಚಿರಲಿಲ್ಲ. ಕೈಗವಸಿನ ಮೂಲಕ ಇಲಿಯಿಂದ ಇಲಿಗೆ ದಾಟಲು ಏನೂ ಇರಲಿಲ್ಲ. ಹಾಗಿದ್ದ ಮೇಲೆ ಮೊದಲು ಕಂಟ್ರೋಲ್ ಯಾಕೆ? ಯಾಕೆಂದರೆ ಮೊದಲು ಕಂಟ್ರೋಲ್. ಆ ಪ್ರಶ್ನೆಯನ್ನು ಇಪ್ಪತ್ತೆಂಟು ವರ್ಷದಲ್ಲಿ ಅವರು ಕೇಳಿಕೊಂಡಿರಲಿಲ್ಲ, ಬೇರೆ ಯಾರೂ ಕೇಳಿರಲಿಲ್ಲ. ಒಂದೇ ಕೋಣೆ, ಒಂದೇ ರ‍್ಯಾಕು. ಎಡಗಡೆ ಗುಂಪಿನವು, ಬಲಗಡೆ ಒಂಟಿಯವು. ಪಂಜರದ ಬಾಗಿಲು ಕಿರ್ರೆನ್ನುವುದು, ಹಿಡಿದ ಇಲಿ ಕಿಚ್ಚೆನ್ನುವುದು, ರಕ್ತದ ವಾಸನೆ. ಆತಂಕದ ಹಾರ್ಮೋನು ಏರಲು ಮೂರು ನಿಮಿಷ ಸಾಕೆಂದು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದವರು ಅವರೇ. ಬಲಗಡೆಯ ಕೊನೆಯ ಇಲಿ ನಲವತ್ತಾರು ನಿಮಿಷ ತನ್ನ ಸರದಿಗೆ ಕಾದಿತ್ತು.

ಉತ್ತರವನ್ನು ಅಳಿಸಿ, ಕಂಪ್ಯೂಟರ್ ಮುಚ್ಚಿ, ಮೀಟಿಂಗ್ ಇದೆಯೆಂದು ಎದ್ದರು. ಮೀಟಿಂಗ್ ಇರಲಿಲ್ಲ.

ಆಮೇಲಿನ ಆರು ದಿನ ಅವರು ಏನೂ ಮಾಡಲಿಲ್ಲ. ಏನೂ ಮಾಡದಿರುವುದು ಎಷ್ಟು ದೊಡ್ಡ ದುಡಿಮೆ ಎಂದು ಮಾಡಿದವರಿಗೇ ಗೊತ್ತು. ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿ ಯಾವ ಹೊತ್ತಿಗೆ ಏನನ್ನು ರಕ್ತಕ್ಕೆ ಸುರಿಯುತ್ತಿದೆ ಎಂದು ಹೆಸರು ಹಿಡಿದು ಹೇಳಬಲ್ಲವರು ಅವರು. ಅಂಗೈ ಬೆವರುವುದು ಇದರಿಂದ, ಅನ್ನ ಗಂಟಲಲ್ಲಿ ನಿಲ್ಲುವುದು ಅದರಿಂದ. ವಿಳಾಸ ಗೊತ್ತಿದ್ದ ಮಾತ್ರಕ್ಕೆ ಕಳ್ಳ ಬರುವುದು ನಿಲ್ಲುವುದಿಲ್ಲವಲ್ಲ. ಅತ್ತೆ ಉಪ್ಪು ಎರಡು ಸಲ ಬಿದ್ದಿದೆ ಎಂದರು, ಮಾರನೆಯ ದಿನ ಬಿದ್ದೇ ಇಲ್ಲ ಎಂದರು. ಮಂಗಳವಾರ ನಿರ್ದೇಶಕರು ಕೋಣೆಗೆ ಬಂದು, ಬೀಳ್ಕೊಡುಗೆಗೆ ಒಂದು ದಿನದ ವಿಚಾರಸಂಕಿರಣ ಇಟ್ಟಿದ್ದೇವೆ, ಬ್ಯಾನರಿನಲ್ಲಿ ಸೈಟೇಶನ್ ಸಂಖ್ಯೆ ಹಾಕಿಸುತ್ತೇವೆ, ಅಷ್ಟರಲ್ಲಿ ಎರಡು ಸಾವಿರ ದಾಟೀತೇ ಎಂದು ಕೇಳಿದರು. ದಾಟಬಹುದು ಎಂದರು ಮೇಡಂ, ಸಾಲದ ಮಾತಾಡುವವರ ದನಿಯಲ್ಲಿ. ಹೀಗೆ ಆರು ದಿನ ಕಳೆದು ಹದಿನೆಂಟು ಉಳಿದಿತ್ತು, ಬೇರೊಂದು ದೇಶದಲ್ಲಿ ಒಬ್ಬಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವರು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದರು. ನೀಲಿ ರಟ್ಟಿನ ದಪ್ಪ ಪುಸ್ತಕ, ಆ ಪ್ರಯೋಗದ ದಿನಚರಿ. ಲೇಖನದಲ್ಲಿ ಅಚ್ಚಾಗಿದ್ದು ಎರಡು ಗುಂಪಿನ ಸರಾಸರಿ ಮಾತ್ರ. ಸರಾಸರಿಯ ಗುಣವೇ ಅದು, ಅದರಲ್ಲಿ ಎಲ್ಲವೂ ಸರಿ. ಒಂದೊಂದು ಇಲಿಯ ಅಂಕಿ ಇದ್ದದ್ದು ಈ ಪುಸ್ತಕದಲ್ಲಿ. ಇಲಿ ಸಂಖ್ಯೆ, ಗಂಟೆ, ನಿಮಿಷ, ಹಾರ್ಮೋನು. ಮೈದುನನ ತಬಲಾದ ಸದ್ದಿನಲ್ಲಿ, ಊಟದ ಮೇಜಿನ ಮೇಲೆ, ಮಗಳ ಚೌಕುಳಿ ಹಾಳೆಯಲ್ಲಿ ಅವರು ಆ ಇಪ್ಪತ್ತನಾಲ್ಕು ಅಂಕಿಗಳನ್ನು ರಕ್ತ ತೆಗೆದ ಹೊತ್ತಿನ ಪ್ರಕಾರ ಚುಕ್ಕಿಯಿಟ್ಟರು. ಮೊದಲ ಇಲಿ ಇಪ್ಪತ್ತೊಂದು. ಎರಡನೆಯದು ಇಪ್ಪತ್ತಾರು. ಆರನೆಯದು ಅರವತ್ತು. ಕಂಟ್ರೋಲ್ ಗುಂಪಿನ ಕೊನೆಯದು, ಅಂದರೆ ಹನ್ನೆರಡನೆಯದು, ನೂರ ಹದಿನೆಂಟು. ಒಂಟಿ ಇಲಿಗಳಲ್ಲಿ ಮೊದಲನೆಯದು, ಹದಿಮೂರನೆಯದು, ನೂರ ಇಪ್ಪತ್ತನಾಲ್ಕು. ಕೊನೆಯದು ಇನ್ನೂರ ಅರವತ್ತು.

ಒಂಟಿತನದಿಂದ ಏರಿದ್ದರೆ ಹನ್ನೆರಡರಿಂದ ಹದಿಮೂರಕ್ಕೆ ಒಂದು ಜಿಗಿತ ಇರಬೇಕಿತ್ತು. ಇರಲಿಲ್ಲ. ಹಾಳೆಯ ಎಡಮೂಲೆಯಿಂದ ಬಲಮೂಲೆಗೆ ಒಂದೇ ಮೆಟ್ಟಿಲುಸಾಲು, ನಡುವೆ ಗುಂಪು ಬದಲಾದದ್ದು ಮೆಟ್ಟಿಲಿಗೆ ಗೊತ್ತೇ ಆಗಿರಲಿಲ್ಲ. ಸಂಗದಲ್ಲಿದ್ದವೂ ಹೆದರಿದ್ದವು, ಒಂಟಿಯಾಗಿದ್ದವೂ ಹೆದರಿದ್ದವು. ಹೆಚ್ಚು ಕಾದವು ಹೆಚ್ಚು ಹೆದರಿದ್ದವು, ಅಷ್ಟೆ. ಸಾವಿರಕ್ಕೂ ಮಿಕ್ಕಿ ಜನ ನೆನೆದದ್ದು ಒಂದು ಸಾಲಿನ ಕೊನೆಯನ್ನು.

ಗಂಡನ ಬಳಿ ಹೇಳಿದ್ದು ಸೋಮವಾರ ಮಧ್ಯಾಹ್ನ, ಕ್ಲಿನಿಕ್ ಊಟಕ್ಕೆ ಮುಚ್ಚಿದ ಮೇಲೆ. ಅವರು ಸಲಕರಣೆಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದರು, ಮೇಡಂ ರೋಗಿಯ ಕುರ್ಚಿಯಲ್ಲಿ ಒರಗಿ, ತಲೆಯ ಮೇಲಿನ ದೀಪ ನೋಡುತ್ತ ಇಡೀ ಕಥೆ ಹೇಳಿದರು. ದಂತವೈದ್ಯರಿಗೆ ಅಚ್ಚರಿಯಾದಂತೆ ಕಾಣಲಿಲ್ಲ.

‘ಇದನ್ನ ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ’ ಎಂದರು. ‘ಹತ್ತು ಗಂಟೆ ಪೇಷಂಟು ತಾನೇ ಬಾಯಿ ತೆರೀತಾನೆ. ಒಂದು ಗಂಟೆಯವನ ಬಾಯಿ ತೆರೆಸೋಕೆ ನನಗೆ ಸಾಕಾಗುತ್ತೆ. ಹಲ್ಲು ಅದೇ, ನೋವು ಅದೇ. ಇವನು ಮೂರು ಗಂಟೆ ಹೊರಗೆ ಕೂತು ಒಳಗಿನ ಗಿರ್ರ್ ಸದ್ದು ಕೇಳಿರ್ತಾನೆ.’

‘ಮೂವತ್ತು ವರ್ಷ ಒಂದೇ ಮನೇಲಿದ್ದು ಇದನ್ನ ಈಗ ಹೇಳ್ತಿದೀರಲ್ಲ.’

‘ನೀನು ಇಲಿ ಬಗ್ಗೆ ಮಾತಾಡ್ತಿದ್ದೆ. ನಾನು ಹಲ್ಲಿನ ಬಗ್ಗೆ ಮಾತಾಡ್ತಿದ್ದೆ. ಊಟ ಮಾಡ್ತಾ ಎರಡೂ ಬೇಡ ಅಂತ ಅಮ್ಮ ಹೇಳ್ತಿದ್ರು.’

ಮೇಡಂಗೆ ನಗು ಬಂತು, ಆದರೆ ಕುರ್ಚಿಯ ಹಿಡಿಯನ್ನು ಬಿಗಿಹಿಡಿದಿದ್ದ ಕೈ ಸಡಿಲಾಗಲಿಲ್ಲ. ಈಗ ಏನು ಮಾಡುತ್ತೀಯೆಂದು ದಂತವೈದ್ಯರು ಕೇಳಿದರು. ಗೊತ್ತಿಲ್ಲ ಎಂದರು ಮೇಡಂ. ಗಂಡ ಟ್ರೇ ಮುಚ್ಚಿ, ಹುಳುಕು ಕಂಡ ಮೇಲೆ ಹಲ್ಲುಜ್ಜಿ ಸುಮ್ಮನಾಗುವವರು ಬಹಳ ಜನ ಇದ್ದಾರೆ, ಅವರೆಲ್ಲ ಕೊನೆಗೆ ತನ್ನ ಬಳಿಯೇ ಬರುತ್ತಾರೆ ಎಂದಷ್ಟೇ ಹೇಳಿ ಊಟಕ್ಕೆ ಮೇಲೆ ಹೋದರು.

ಆ ದಿನವೇ ಅವರು ಮೊದಲ ಶಿಷ್ಯನಿಗೆ ಫೋನ್ ಮಾಡಿದರು. ಅವನು ಈಗ ಇನ್ನೊಂದು ನಗರದಲ್ಲಿ ದೊಡ್ಡ ಪ್ರಯೋಗಶಾಲೆಯ ಮುಖ್ಯಸ್ಥ, ಒಂಟಿತನದ ಮೇಲೆ ಇಪ್ಪತ್ತು ಲೇಖನ ಬರೆದವನು. ಮೆಟ್ಟಿಲುಸಾಲಿನ ವಿಷಯ ಕೇಳಿ ಅವನು ಅಂಕಿಗಳನ್ನು ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ ಒಂದರ ಹಿಂದೊಂದು ಸಮಾಧಾನ ಹೇಳಿದ. ಇಪ್ಪತ್ತನಾಲ್ಕು ಇಲಿ ಚಿಕ್ಕ ಸಂಖ್ಯೆ, ಕಾಕತಾಳೀಯ ಇರಬಹುದು. ನಾನೂ ಹತ್ತು ಸಲ ಮಾಡಿದ್ದೇನೆ, ಹತ್ತು ಸಲವೂ ಬಂದಿದೆ.

‘ಯಾವ ಇಲೀನ ಮೊದಲು ಹಿಡೀತೀಯ?’ ಎಂದರು ಮೇಡಂ.

‘ನೀವೇ ಕಲಿಸಿದ್ದಲ್ವಾ ಮೇಡಂ.’

ವ್ಯತ್ಯಾಸ ಬಾರದವರು ಬರೆಯದೆ ಬಿಟ್ಟರು, ಬಂದವರು ಬರೆದರು, ಬರುವ ಹಾಗೆ ಮಾಡುವುದನ್ನು ಕಲಿಸಿದವರು ತಾವು ಎಂದುಕೊಂಡರು ಮೇಡಂ. ಶಿಷ್ಯ ದನಿ ತಗ್ಗಿಸಿದ. ‘ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಇನ್ನು ಎರಡು ತಿಂಗಳು. ನನಗೆ ಹದಿನೆಂಟು ವರ್ಷ ಸರ್ವಿಸಿದೆ. ಅದನ್ನ ಮುಟ್ಟಬೇಡಿ.’

‘ಆ ಹುಡುಗಿ?’

‘ಯಾವ ಹುಡುಗಿ ಮೇಡಂ? ಅವಳು ಯಾರೋ.’

ಫೋನಿಟ್ಟ ಮೇಲೆ ಮೇಡಂ ಕ್ಯಾಲೆಂಡರ್ ನೋಡಿದರು. ಹದಿನೇಳು ದಿನ. ಹತ್ತು ದಿನ ಇಲಿಗಳನ್ನು ಒಂಟಿಯಾಗಿ ಇಡಲು, ಒಂದು ದಿನ ರಕ್ತಕ್ಕೆ, ಎರಡು ದಿನ ಅಳತೆಗೆ. ಅನುಮತಿ ಇದ್ದ ಪ್ರಯೋಗ ಅದು, ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತೋರಿಸಲೆಂದು ಮಾಡುತ್ತಿದ್ದದ್ದೇ. ಒಂದೂ ದಿನ ತಪ್ಪಿಸುವಂತಿರಲಿಲ್ಲ. ಶಿಷ್ಯ ಹೇಳಿದಂತೆ ಕಾಕತಾಳೀಯವೇ ಆಗಿದ್ದರೆ ಒಳ್ಳೆಯದು, ಎಷ್ಟು ಒಳ್ಳೆಯದು! ಹಾಗಾಗಲಿ ಎಂದುಕೊಳ್ಳುತ್ತಲೇ ಅವರು ಮಂಗಳವಾರ ಇಲಿಗಳನ್ನು ಪಂಜರಕ್ಕೆ ಹಾಕಿಸಿದರು. ಹತ್ತು ದಿನವೂ ದಿನಕ್ಕೆ ಮೂರು ಸಲ ಪ್ರಾಣಿಮನೆಯ ಬಾಗಿಲ ತನಕ ಹೋಗಿ, ಒಳಗೆ ಹೋದರೆ ಇಲಿಗಳಿಗೆ ಗಾಬರಿಯಾದೀತೆಂದು ಅಲ್ಲಿಂದಲೇ ತಿರುಗಿ ಬಂದರು.

ರಕ್ತ ತೆಗೆಯಲು ಪಂಜರದಣ್ಣನೇ ಬೇಕಿತ್ತು. ಅವನು ನಿವೃತ್ತನಾಗಿ ಏಳು ವರ್ಷ, ಈಗ ಮಗಳ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡಿದ್ದ. ಮೇಡಂ ಅಂಗಡಿಗೇ ಹೋಗಿ ಕರೆದರು. ಯಾಕೆಂದು ಕೇಳದೆ ಬಂದ. ಕೋಟು ತೊಟ್ಟು, ಕೈಗವಸು ಎಳೆದುಕೊಂಡು, ಅಭ್ಯಾಸಬಲದಿಂದ ರ‍್ಯಾಕಿನ ಎಡತುದಿಗೆ ಹೋಗಿ ನಿಂತ.

‘ಇವತ್ತು ಹಾಗಲ್ಲ ಅಣ್ಣ’ ಎಂದು ಮೇಡಂ ಸ್ಟೀಲ್ ಡಬ್ಬ ಮುಂದೆ ಹಿಡಿದರು. ಅದರಲ್ಲಿ ಇಪ್ಪತ್ತನಾಲ್ಕು ಚೀಟಿ.

ಅವನು ಚೀಟಿ ಎತ್ತಿದ, ಇಲಿ ಹಿಡಿದ, ಚುಚ್ಚಿದ, ಒತ್ತಿದ, ಬಿಟ್ಟ. ಎಪ್ಪತ್ತರ ಹತ್ತಿರದ ಕೈ, ಒಂದು ಸಲವೂ ನಡುಗಲಿಲ್ಲ. ಹತ್ತೊಂಬತ್ತನೆಯ ಇಲಿ ನಡುಗುತ್ತಿತ್ತು. ಅದು ಗುಂಪಿನ ಇಲಿ. ಪಂಜರದಣ್ಣ ಅದನ್ನು ಅಂಗೈಯಲ್ಲಿ ಹಿಡಿದು ಮೇಡಂ ಕಡೆಗೆ ತೋರಿಸಿದ.

‘ಆಗ್ಲೂ ಹೀಗೇ. ಕಡೇವೆಲ್ಲ ನಡುಗ್ತಿದ್ವು. ನಾನು ಹೇಳಿದ್ನಲ್ಲ ನಿಮಗೆ.’

‘ಯಾವಾಗ ಅಣ್ಣ?’

‘ಅವತ್ತೇ. ಚಳಿ ಇರಬೇಕು ಅಂದ್ರಿ ನೀವು.’

ಅವನ ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ. ಹೇಳಿ ಮುಂದಿನ ಚೀಟಿ ಎತ್ತಿದ. ಮೇಡಂಗೆ ಅಂಥದ್ದೊಂದು ಮಾತು ನಡೆದ ನೆನಪೇ ಇರಲಿಲ್ಲ. ಅಂದು ಮನೆಗೆ ಹೋದವರೇ ನೀಲಿ ಪುಸ್ತಕ ತೆರೆದರು. ಆ ಭಾನುವಾರ ಅವರು ನೋಡಿದ್ದು ಅಂಕಿಗಳ ಸಾಲನ್ನು ಮಾತ್ರ. ಈಗ ಪುಟದ ಅಂಚು ನೋಡಿದರು. ಇಪ್ಪತ್ತನೆಯ ಇಲಿಯ ಎದುರು, ಪೆನ್ಸಿಲಿನಲ್ಲಿ, ಅವರದೇ ಚಿಕ್ಕ ದುಂಡಕ್ಷರ. ‘ಕೊನೆಯವು ನಡುಗುತ್ತಿವೆಯಂತೆ. ಚಳಿ?’

ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಅವರು ಪ್ರಶ್ನೆ ಹಾಕಿಕೊಂಡು, ಉತ್ತರವನ್ನು ಚಳಿಯ ಮೇಲೆ ಹೊರಿಸಿ, ಪುಟ ತಿರುಗಿಸಿದ್ದರು. ಆ ತಿಂಗಳು ಯಾವುದೆಂದು ಮೇಲೆ ದಿನಾಂಕ ನೋಡಿದರು. ಕಡುಬೇಸಿಗೆ.

ಎರಡು ದಿನದ ಅಳತೆ ಮುಗಿದು ಫಲಿತಾಂಶ ಬಂತು. ಒಂಟಿ ಇಲಿಗೂ ಗುಂಪಿನ ಇಲಿಗೂ ವ್ಯತ್ಯಾಸವಿಲ್ಲ. ಸಾಲಿನಲ್ಲಿ ಮುಂದಿದ್ದದ್ದಕ್ಕೆ ಕಡಿಮೆ, ಹಿಂದಿದ್ದದ್ದಕ್ಕೆ ಹೆಚ್ಚು. ಮತ್ತದೇ ಮೆಟ್ಟಿಲು. ಕಾಕತಾಳೀಯದ ಬಾಗಿಲು ಮುಚ್ಚಿತು. ಸಮಿತಿ ಸೇರಲು ನಾಲ್ಕು ದಿನವಿತ್ತು.

ಮೇಡಂ ಎರಡು ಕಾಗದ ಬರೆಯಬೇಕಿತ್ತು. ಒಂದು ಪತ್ರಿಕೆಯ ಸಂಪಾದಕರಿಗೆ, ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆಂದು. ಇನ್ನೊಂದು ಆ ವಿದ್ಯಾರ್ಥಿನಿಗೆ, ಅವಳ ಸಮಿತಿಗೆ ಪ್ರತಿ ಹಾಕಿ. ಕಿಟಕಿ ಇರುವ ಕೋಣೆಯಲ್ಲಿ ಬೆಳಗಿನಿಂದ ಕೂತರು. ಮೊದಲ ಕರಡು ಬಹಳ ಅಚ್ಚುಕಟ್ಟಾಗಿತ್ತು. ‘ರಕ್ತವನ್ನು ಪ್ರಚಲಿತ ಪದ್ಧತಿಯಂತೆ ತೆಗೆಯಲಾಗಿತ್ತು. ಕ್ರಮದ ಪ್ರಭಾವವನ್ನು ಗಮನಿಸಲಾಗಿರಲಿಲ್ಲ.’ ಓದಿ ನೋಡಿದರು. ವಿಜ್ಞಾನದ ಭಾಷೆಯೇ ಹಾಗೆ, ಅದರಲ್ಲಿ ಎಲ್ಲವೂ ಆಗುತ್ತದೆ, ಮಾಡುವವರು ಯಾರೂ ಇರುವುದಿಲ್ಲ. ಎರಡನೆಯ ಕರಡಿನಲ್ಲಿ ಗುರುಗಳು ಬಂದರು. ನಿಯಮ ಅವರದ್ದು, ಅವರು ತೀರಿಕೊಂಡಿದ್ದಾರೆ, ತಕರಾರು ಮಾಡಲಾರರು. ಅದನ್ನೂ ಅಳಿಸಿದರು. ಗುರುಗಳು ತಮ್ಮ ಪ್ರಯೋಗಕ್ಕೆ ಮಾಡಿಕೊಂಡ ನಿಯಮ ಅದು, ಇದಕ್ಕೆ ಹಚ್ಚಿ ಎಂದು ಅವರೇನೂ ಹೇಳಿರಲಿಲ್ಲ. ಮೂರನೆಯದರಲ್ಲಿ ‘ನಾನು’ ಎಂದು ಶುರು ಮಾಡಿದರು. ಮೂವತ್ತು ವರ್ಷದಲ್ಲಿ ವಿಜ್ಞಾನದ ಕಾಗದದಲ್ಲಿ ಆ ಪದ ಬರೆದಿರಲಿಲ್ಲ, ಕೈ ಹಿಂದೇಟು ಹಾಕಿತು.

‘ನಾನು ಗುಂಪಿನ ಇಲಿಗಳ ರಕ್ತವನ್ನು ಮೊದಲು ತೆಗೆಸಿದೆ, ಒಂಟಿ ಇಲಿಗಳದ್ದನ್ನು ಆಮೇಲೆ. ನನ್ನ ಪ್ರಯೋಗದಲ್ಲಿ ಅದಕ್ಕೆ ಕಾರಣವಿರಲಿಲ್ಲ. ನಾನು ಅಳೆದದ್ದು ಕಾಯುವ ಭಯವನ್ನು, ಒಂಟಿತನವನ್ನಲ್ಲ. ನಿಮ್ಮ ಕೈಯಲ್ಲಿ ದೋಷವಿಲ್ಲ. ನಿಮ್ಮ ನಾಲ್ಕೂ ಪ್ರಯೋಗಗಳು ಸರಿಯಾಗಿವೆ.’

ಇನ್ನು ಉಳಿದದ್ದು ದಿನಚರಿಯ ಪುಟದ ಚಿತ್ರ ಲಗತ್ತಿಸುವುದು, ಸಮಿತಿ ನಂಬಬೇಕಲ್ಲ. ಸ್ಕ್ಯಾನರಿನ ಮೇಲೆ ಪುಟವಿಟ್ಟರು. ಚಿತ್ರ ಪರದೆಯ ಮೇಲೆ ಮೂಡಿತು, ಅದರ ಸುತ್ತ ಎಳೆದು ಹಿಗ್ಗಿಸಬಹುದಾದ ಒಂದು ಚೌಕಟ್ಟು. ಅಂಕಿಗಳ ಸಾಲು ಇಷ್ಟು ಸಾಕು, ಗಂಟೆ, ನಿಮಿಷ, ಹಾರ್ಮೋನು. ಪೆನ್ಸಿಲಿನ ಅಂಚು ಚೌಕಟ್ಟಿನ ಹೊರಗೆ ಬಿದ್ದರೆ ಯಾರಿಗೂ ನಷ್ಟವಿಲ್ಲ. ಹುಡುಗಿ ಉಳಿಯುತ್ತಾಳೆ, ವಿಜ್ಞಾನ ತಿದ್ದಿಕೊಳ್ಳುತ್ತದೆ. ಗೊತ್ತಿಲ್ಲದೆ ತಪ್ಪಿದ್ದು ಬೇರೆ, ಹೇಳಿದ್ದನ್ನು ಕೇಳಿಸಿಕೊಂಡೂ ಬಿಟ್ಟದ್ದು ಬೇರೆ. ಮೊದಲನೆಯದನ್ನು ಜನ ಮರೆಯುತ್ತಾರೆ, ಪ್ರಾಮಾಣಿಕಳು ಎಂದು ಬೆನ್ನೂ ತಟ್ಟಾರು. ಎರಡನೆಯದಕ್ಕೆ ಬೆನ್ನು ತಟ್ಟುವವರಿಲ್ಲ.

ಹನ್ನೊಂದು ಗಂಟೆಯಿಂದ ಒಂದೂವರೆಯ ತನಕ ಅವರು ಆ ಚೌಕಟ್ಟಿನ ಬಲಗೆರೆಯನ್ನು ಒಳಗೆ ತಂದರು, ಹೊರಗೆ ಒಯ್ದರು. ಒಮ್ಮೆ ಎದ್ದು ನೀರು ಕುಡಿದು ಬಂದರು. ಒಮ್ಮೆ ಬಾಗಿಲ ಚಿಲಕ ಹಾಕಿ ಬಂದರು, ಯಾರೋ ನೋಡುತ್ತಿದ್ದಾರೆ ಎಂಬಂತೆ. ಒಂದು ಸಲ ಅಂಚಿಲ್ಲದ ಚಿತ್ರವನ್ನು ಲಗತ್ತಿಸಿಯೂ ಆಯಿತು. ಕಳಿಸುವ ಗುಂಡಿಯ ಮೇಲೆ ಬೆರಳಿದ್ದಾಗ, ಪಂಜರದಣ್ಣ ಇಲಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದ ಬಗೆ ಕಣ್ಣಿಗೆ ಬಂತು. ಅವನು ನೋಡಿದ್ದ, ಹೇಳಿದ್ದ. ಆ ಅಂಚನ್ನು ಕತ್ತರಿಸಿದರೆ ಇಡೀ ಪ್ರಯೋಗದಲ್ಲಿ ಕಣ್ಣು ತೆರೆದಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಕತ್ತರಿಸಿದಂತೆ. ಲೇಖನದಲ್ಲೂ ಅವನ ಹೆಸರಿರಲಿಲ್ಲ, ಕೊನೆಯಲ್ಲಿ ‘ತಾಂತ್ರಿಕ ನೆರವಿಗೆ ಕೃತಜ್ಞತೆ’ ಎಂದಿತ್ತು.

ಲಗತ್ತನ್ನು ತೆಗೆದು, ಇಡೀ ಪುಟ ಹಾಕಿ, ಕಳಿಸಿದರು. ಕಳಿಸಿದ ಮೇಲೆ ಊಟದ ಡಬ್ಬಿ ತೆರೆದರು. ಹಾಗೇ ಮುಚ್ಚಿ ಚೀಲಕ್ಕೆ ಹಾಕಿದರು.

ನಾಲ್ಕು ದಿನದಲ್ಲಿ ಸುದ್ದಿ ತನಗೆ ಬೇಕಾದ ಕಡೆಗೆಲ್ಲ ಹೋಗಿ ಬಂತು. ನಿರ್ದೇಶಕರು ವಿಚಾರಸಂಕಿರಣವನ್ನು ಮುಂದೂಡಿದರು, ಯಾವ ದಿನಕ್ಕೆ ಎಂದು ಹೇಳಲಿಲ್ಲ, ಒಂದು ಚಹಾಕೂಟ ಇಟ್ಟುಕೊಳ್ಳೋಣ ಎಂದರು. ಶಿಷ್ಯ ಒಂದು ಸಾಲು ಬರೆದ, ‘ನೀವು ನನ್ನನ್ನು ಕೇಳಬಹುದಿತ್ತು’. ಕೇಳಿದ್ದೆ ಎಂದು ಬರೆಯಲು ಹೋಗಿ ಮೇಡಂ ಬಿಟ್ಟರು. ಹೊಲಿಗೆ ಅಂಗಡಿಗೆ ಹೋಗಿ ಪಂಜರದಣ್ಣನಿಗೆ ನಡೆದದ್ದು ಹೇಳಿದಾಗ ಅವನು ಸೂಜಿ ನಿಲ್ಲಿಸದೆ ಕೇಳಿಸಿಕೊಂಡು, ಹಾಗಾದರೆ ಸರದಿ ಕಾಯುವ ಇಲಿಗಳನ್ನು ಬೇರೆ ಕೋಣೆಯಲ್ಲಿ ಇಡಬೇಕಿತ್ತು ಎಂದ. ಅಷ್ಟು ಸುಲಭ.

ಸಮಿತಿ ಸೇರುವ ದಿನ ಬೆಳಗಿನಿಂದ ಮೇಡಂ ಮನೆಯಲ್ಲೇ ಇದ್ದರು. ಅತ್ತೆ ಜ್ವರವೇ ಎಂದು ಹಣೆ ಮುಟ್ಟಿದರು, ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಏನೋ ಹುಡುಕುವ ನೆಪದಲ್ಲಿ ಪಕ್ಕದಲ್ಲಿ ಕೂತರು, ಮೈದುನ ತಬಲಾ ಮುಟ್ಟಲಿಲ್ಲ. ಯಾರಿಗೂ ಯಾರೂ ಏನೂ ಹೇಳಿರಲಿಲ್ಲ. ಮಧ್ಯಾಹ್ನ ಗಂಡ ಎರಡು ಸಲ ಕೆಳಗಿನಿಂದ ಮೇಲೆ ಬಂದು, ಏನಾದರೂ ಬಂತೇ ಎಂದು ಕೇಳಿ, ರೋಗಿಯ ಬಾಯಿ ತೆರೆದಿಟ್ಟು ಬಂದಿದ್ದೇನೆಂದು ಓಡಿದರು.

ನಾಲ್ಕೂಕಾಲಿಗೆ ಸಮಿತಿಯ ಅಧ್ಯಕ್ಷೆಯ ಪತ್ರ ಬಂತು. ಎರಡೇ ಸಾಲು. ವಿದ್ಯಾರ್ಥಿನಿಯನ್ನು ಮುಂದುವರಿಸಲು ಸಮಿತಿ ಒಮ್ಮತದಿಂದ ನಿರ್ಧರಿಸಿದೆ. ಕಡತದ ಸಲುವಾಗಿ ಒಂದು ಸ್ಪಷ್ಟನೆ ಬೇಕು, ದಿನಚರಿಯ ಅಂಚಿನಲ್ಲಿರುವ ಪೆನ್ಸಿಲ್ ಬರಹದ ಅರ್ಥವೇನು, ಅದು ಯಾರದು?

ಮೇಡಂ ಮೊದಲ ಸಾಲನ್ನು ಮೂರು ಸಲ ಓದಿದರು. ಎರಡನೆಯದನ್ನು ಒಂದೇ ಸಲ. ಆಮೇಲೆ ಆ ಬರಹದ ಅರ್ಥವನ್ನು ಪದಕ್ಕೆ ಪದ ಅನುವಾದಿಸಿ, ನೋಡಿದ್ದು ನಮ್ಮ ಪ್ರಾಣಿಮನೆಯ ಸಹಾಯಕ, ಬರೆದು ಮರೆತದ್ದು ನಾನು ಎಂದು ಉತ್ತರ ಕೊಟ್ಟು, ಅಂಗಳದಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಎದ್ದರು.